ನಿಮ್ಮದೇ ಅಂದ ಕೌದಿ

ಪರಶುರಾಮ ಸಿದ್ದಿಯ ಬಾಯಿಂದ ಆ ಮಾತು ಜಾರಿದ್ದು ಜನವರಿಯ ಒಂದು ಗುರುವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ. ಎರಡೇ ಶಬ್ದ, ಅದೂ ಇಂಗ್ಲಿಷಿನಲ್ಲಿ. "ಯುವರ್ಸ್ ಓನ್ಲಿ" ಅಂದ. ಅಂದವನೇ ಗಾಜು ಒರೆಸಲು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಹಿರಿಯರಲ್ಲಿ ಒಬ್ಬರೂ ಅಮೆರಿಕದ ಷಾರ್ಲೆಟ್ ಊರಿನ ಫ್ರೇಮ್ ಅಂಗಡಿಯಲ್ಲಿ ಕೆಲಸ ಮಾಡಿದವರಲ್ಲ. ಮಾಡಿದ್ದರೆ ಇನ್ನೂ ನಾಲ್ಕು ಗಾದೆ ಕಟ್ಟುತ್ತಿದ್ದರು.

ಪರಸು ಯಲ್ಲಾಪುರದ ಕಡೆಯವನು. ಅವನ ಮುತ್ತಜ್ಜನ ಮುತ್ತಜ್ಜನನ್ನು ಯಾವನೋ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದು ಗೋವೆಯಲ್ಲಿ ಇಳಿಸಿದ್ದ. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು, ಕನ್ನಡ ಕಲಿತರು, ಕೊಂಕಣಿ ಕಲಿತರು, ಎಲ್ಲವನ್ನೂ ಬಿಟ್ಟುಕೊಟ್ಟರು, ಗುಂಗುರು ಕೂದಲೊಂದನ್ನು ಬಿಟ್ಟು. ಪರಸು ಏಳನೆಯ ಇಯತ್ತೆಯಲ್ಲಿದ್ದಾಗ ಸಿದ್ದಿ ಮಕ್ಕಳು ಚೆನ್ನಾಗಿ ಓಡುತ್ತಾರೆಂದು ಯಾರಿಗೋ ಹೊಳೆದು, ಅವನನ್ನು ಬೆಂಗಳೂರಿನ ಓಟದ ಹಾಸ್ಟೆಲಿಗೆ ಕರೆದೊಯ್ದರು. ನಾಲ್ಕು ವರ್ಷ ಓಡಿಸಿದರು. ಆಮೇಲೆ ಒಂದು ದಿನ ಸಾಕು ಎಂದು ಬಸ್ ಹತ್ತಿಸಿದರು. ಓದೂ ಇಲ್ಲ, ಪದಕವೂ ಇಲ್ಲ. ಊರಿಗೆ ಬಂದು ಬಸ್ ನಿಲ್ದಾಣದ ಹತ್ತಿರ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟ. ಹಳಿಯಾಳದ ಕ್ರೈಸ್ತ ಸಿದ್ದಿ ಹುಡುಗಿ ರೋಜಿಯನ್ನು ಪ್ರೀತಿಸಿ ಮದುವೆಯಾದ. ಅವಳು ನರ್ಸು. ಕೊರೋನಾ ಕಾಲದಲ್ಲಿ ಅಮೆರಿಕದವರಿಗೆ ನರ್ಸುಗಳು ಸಾಲದೆ ಬಂದಾಗ ಷಾರ್ಲೆಟ್‌ನ ಆಸ್ಪತ್ರೆಯೊಂದು ಅವಳನ್ನು ಕರೆಸಿಕೊಂಡಿತು. ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ಪರಸು ಹೆಂಡತಿಯ ವೀಸಾದ ಸೆರಗು ಹಿಡಿದು ಬಂದ.

ಬಂದು ಮೂರು ತಿಂಗಳಾಗಿತ್ತು, ಊರಲ್ಲಿ ಅವ್ವ ತೀರಿಕೊಂಡಳು. ಅದೇ ರೋಗ. ವಿಮಾನಗಳು ನಿಂತಿದ್ದವು. ಅಣ್ಣ ಫೋನಿನಲ್ಲಿ ತೋರಿಸಿದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಮುಖ ಕಾಣಲಿಲ್ಲ. ಮುಂದಿನ ವರ್ಷ ಅಣ್ಣ ಅವ್ವ ಹೊಲಿದ ಕೌದಿಯನ್ನು ಕಳಿಸಿಕೊಟ್ಟ. ಅದನ್ನು ಬೆಂಗಳೂರಿನಿಂದ ಹೊತ್ತು ತಂದವರು ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯ ಸೂರ್ಯನಾರಾಯಣ, ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಕೆಲಸದವರು. "ಏನ್ರೀ ಇದು, ನನ್ನ ಅರ್ಧ ಸೂಟ್‌ಕೇಸ್ ಇದೇ ತಿಂದ್ಬಿಡ್ತು" ಎಂದು ನಗುತ್ತಾ ಕೊಟ್ಟಿದ್ದರು. ಆ ನಗುವಿನ ಭಾರ ಪರಸುವಿನ ಹೆಗಲ ಮೇಲೆ ಅಂದಿನಿಂದಲೂ ಇತ್ತು.

ಕೌದಿಯಲ್ಲಿ ಏನಿತ್ತೆಂದರೆ, ಎಲ್ಲ ಇತ್ತು. ಅಪ್ಪನ ಖಾಕಿ ಅಂಗಿ. ಆರು ವರ್ಷಕ್ಕೆ ಹೋಗಿಬಿಟ್ಟ ತಂಗಿಯ ಹಳದಿ ಫ್ರಾಕು. ಅವ್ವನದೇ ಎರಡು ಸೀರೆ, ಒಂದು ಹಸಿರು, ಒಂದು ಬಣ್ಣ ಹೋಗಿ ಬಣ್ಣವೇ ಗೊತ್ತಾಗದ್ದು. ನಟ್ಟನಡುವೆ ಪರಸುವಿನ ಓಟದ ಬನೀನು, ಬೆನ್ನಿನ ನಂಬರು ಇಪ್ಪತ್ತೇಳು. ಅಂಚಿನಿಂದ ಶುರುಮಾಡಿ, ಸುತ್ತಿ ಸುತ್ತಿ, ಅವ್ವ ಆ ನಂಬರಿನವರೆಗೆ ಹೊಲಿದುಕೊಂಡು ಬಂದಿದ್ದಳು. ಪರಸು ಅದನ್ನು ಹೊದೆದೇ ಮಲಗುತ್ತಿದ್ದ. ಸತ್ತ ಮುಖ ನೋಡಲಾಗದವನಿಗೆ ಉಳಿದಿದ್ದ ಮೈ ಅದೊಂದೇ.

ಇನ್ನು ಪರಸು ಕೆಲಸಕ್ಕೆ ಸೇರಿದ ಫ್ರೇಮ್ ಅಂಗಡಿಯ ಒಡತಿ. ಹೆಸರು ಅರ್ನೆಸ್ಟೀನ್. ಎಪ್ಪತ್ತೊಂದು ವಯಸ್ಸಿನ ಕಪ್ಪು ಹೆಂಗಸು, ಆಳು ಗಟ್ಟಿ, ನಗು ಇನ್ನೂ ಗಟ್ಟಿ. ಅಂಗಡಿಯಿದ್ದ ಬೀಟೀಸ್ ಫೋರ್ಡ್ ರಸ್ತೆಯಲ್ಲಿ ಎಲ್ಲರೂ ಆಕೆಯನ್ನು ಮಿಸ್ ಅರ್ನೆಸ್ಟೀನ್ ಎನ್ನುತ್ತಿದ್ದರು. ಆಕೆ ಎಲ್ಲರನ್ನೂ ಬೇಬಿ ಎನ್ನುತ್ತಿದ್ದಳು. ಮೊದಲ ದಿನ ಪರಸುವಿಗೂ ಅಂದಾಗ ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಪೋಸ್ಟಿನವನಿಗೂ ಹಾಗೇ ಅಂದದ್ದು ಕೇಳಿದ ಮೇಲೆ ಇಳಿಯಿತು.

ಮುಂದೆ ಅಂಗಡಿ, ಹಿಂದೆ ಆಕೆಯ ಕೆಲಸದ ಕೋಣೆ. ಅಲ್ಲಿ ಆಕೆ ಚಿತ್ರ ಬರೆಯುತ್ತಿರಲಿಲ್ಲ, ಅಂಟಿಸುತ್ತಿದ್ದಳು. ಹಳೆಯ ಚರ್ಚಿನಲ್ಲಿ ಸೆಕೆಗೆ ಬೀಸಿಕೊಳ್ಳುತ್ತಿದ್ದ ರಟ್ಟಿನ ಬೀಸಣಿಗೆ, ಒಣಗಿದ ಹೊಗೆಸೊಪ್ಪಿನ ಎಲೆ, ಮಾಸಿದ ಫೋಟೋ, ಬಸ್ ಚೀಟಿ, ಕವಡೆ, ತುಕ್ಕು ಹಿಡಿದ ಕೀಲಿ, ಬಂದ ದಾರಿಯನ್ನು ಹಿಂದಕ್ಕೆ ಕತ್ತು ತಿರುಗಿಸಿ ನೋಡುವ ಆಫ್ರಿಕಾದ ಹಕ್ಕಿಯ ಚಿತ್ರ. ಕತ್ತರಿಸಬೇಕಾದ್ದನ್ನು ಕತ್ತರಿಸಿ, ಎಲ್ಲವನ್ನೂ ಹಲಗೆಯ ಮೇಲೆ ಜೋಡಿಸಿ, ಅಂಟು ಬಳಿದು, ರೋಲರ್ ಉರುಳಿಸಿದರೆ, ತನ್ನ ಜನ ನಾನೂರು ವರ್ಷ ನಡೆದು ಬಂದ ದಾರಿ ಅಲ್ಲಿ ಎದ್ದು ನಿಲ್ಲುತ್ತಿತ್ತು. ಬೇಕಾದರೆ ನಿಂತು ನೋಡಿ, ಎದೆ ಝಲ್ ಎನ್ನದಿದ್ದರೆ ಕೇಳಿ.

"ಈ ಕೀಲಿ ಯಾವ ಬೀಗದ್ದು?" ಎಂದು ಪರಸು ಒಮ್ಮೆ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ್ದ.

"ಬೀಗ ಅವರ ಹತ್ತಿರ ಇತ್ತು ಬೇಬಿ. ಕೀಲಿ ನಾವೇ ಮಾಡಿಕೊಂಡದ್ದು."

ಪರಸುವಿಗೆ ಆ ಅಂಗಡಿ ಹಿಡಿಸಿತ್ತು. ಬ್ಯಾಲಂಟೈನ್‌ನ ರಾಜ್ಯೋತ್ಸವಕ್ಕೆ ಮೊದಲ ಸಲ ಹೋದಾಗ ಬಾಗಿಲಲ್ಲಿದ್ದ ಹುಡುಗಿ, ಸೌಂಡ್ ಸಿಸ್ಟಮ್‌ನವರು ಹಿಂದಿನ ಗೇಟಿನಿಂದ ಬರಬೇಕು ಸರ್, ಎಂದು ಇಂಗ್ಲಿಷಿನಲ್ಲಿ ದಾರಿ ತೋರಿಸಿದ್ದಳು. ಇಲ್ಲಿ ಬೀದಿಯವರು ತಮ್ಮವನೆಂದು ತಲೆಯಾಡಿಸುತ್ತಿದ್ದರು, ಅವನು ಬಾಯಿ ತೆರೆಯುವವರೆಗೆ. ಅಲ್ಲಿ ಮೈ ಕಾಣುವವರೆಗೆ ಕನ್ನಡಿಗ, ಇಲ್ಲಿ ಮಾತು ಕೇಳುವವರೆಗೆ ಅಮೆರಿಕದವ. ಎರಡೂ ಕಡೆ ಅಡ್ಡಗೋಡೆಯ ಮೇಲಿನ ದೀಪ.

ಫೆಬ್ರವರಿಯೆಂದರೆ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಚರ್ಚಿನ ಸಭಾಂಗಣದಲ್ಲಿ ಆಕೆಯ ಚಿತ್ರಗಳ ಪ್ರದರ್ಶನ. "ನಿನ್ನ ಜನ ಬೇರೆ ಕಡಲು ದಾಟಿದವರು. ಅವರು ಕೈಯಿಂದ ಏನು ಮಾಡುತ್ತಾರೆ, ತೋರಿಸು" ಎಂದು ಆಕೆ ಕೇಳಿದ್ದರಿಂದ ಪರಸು ಕೌದಿಯನ್ನು ತಂದು ಮೇಜಿನ ಮೇಲೆ ಹರಡಿದ. ಮಿಸ್ ಅರ್ನೆಸ್ಟೀನ್ ಮೇಜಿನ ಮೇಲೆ ಬಗ್ಗಿದಳು. ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಸುತ್ತು ಬಂದಳು.

"ಈ ಸುತ್ತು ನೋಡು. ಇದು ಹಡಗಿನ ದಾರಿ. ಕಡಲಿನಿಂದ ಒಳಕ್ಕೆ, ಒಳಕ್ಕೆ, ಒಳಕ್ಕೆ."

ಪರಸು ಹೌದೆಂದು ತಲೆಯಾಡಿಸಿದ. ಅವ್ವನಿಗೆ ಬೇರೆ ಬಗೆಯಲ್ಲಿ ಹೊಲಿಯಲು ಬರುತ್ತಿರಲಿಲ್ಲ ಎಂದು ಹೇಳಲು ಇಂಗ್ಲಿಷು ಸಾಲಲಿಲ್ಲ.

"ನನ್ನ ಆಯುಷ್ಯದಲ್ಲಿ ಇಷ್ಟು ಚಂದದ ವಸ್ತು ನೋಡಿಲ್ಲ ಬೇಬಿ."

ಆಗ ಅವನು ಅಂದದ್ದು ಆ "ಯುವರ್ಸ್ ಓನ್ಲಿ". ನಮ್ಮಲ್ಲಿ ಯಾರಾದರೂ ನಮ್ಮ ಸಾಮಾನು ಚಂದ ಇದೆ ಎಂದರೆ ಮತ್ತೇನು ಅನ್ನುತ್ತೇವೆ? ನಿಮ್ಮದೇ ಅಲ್ಲವೇ ಅನ್ನುತ್ತೇವೆ. ಅವರು ಅಯ್ಯೋ ಬೇಡಪ್ಪ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮಿಸ್ ಅರ್ನೆಸ್ಟೀನ್ ಬೇಡ ಅನ್ನಲಿಲ್ಲ. ಕಣ್ಣೀರು ತುಂಬಿಕೊಂಡು ಅವನನ್ನು ತಬ್ಬಿದಳು. ಹಿರಿಯ ಜೀವ, ತಾಯಿ ನೆನಪಾಗಿರಬೇಕು ಎಂದುಕೊಂಡು ಪರಸು ಗಾಜು ಒರೆಸಲು ಹೋದ. ನಾಲ್ಕು ದಿನ ನೋಡಲಿ ಎಂದು ಕೌದಿಯನ್ನು ಅಲ್ಲೇ ಬಿಟ್ಟ.

ಮುಂದಿನ ವಾರ ಹೊಸ ಹಲಗೆಗೆ ಕಟ್ಟು ಅಳೆಯಲೆಂದು ಒಳಗೆ ಹೋದಾಗ ತಿಳಿಯಿತು. ಎಂಟು ಅಡಿ ಉದ್ದದ ಹಲಗೆ. ಮೇಲೆ ಪೆನ್ಸಿಲ್ಲಿನಲ್ಲಿ ಕಡಲು ಬರೆದಿತ್ತು, ಅಲೆ ಅಲೆಯಾಗಿ. ಪಕ್ಕದಲ್ಲಿ ಕೌದಿ ಮಡಿಸಿತ್ತು, ಅದರ ಮೇಲೆ ಬಟ್ಟೆ ಕತ್ತರಿ.

"ನಿನ್ನ ತಾಯಿಯ ಬಟ್ಟೆ ನನ್ನ ಕಡಲಾಗುತ್ತದೆ" ಎಂದಳು ಆಕೆ. "ಸೋಮವಾರ ಕತ್ತರಿಸೋಣ. ಇನ್ನೊಂದು ತುದಿಯನ್ನು ನೀನೇ ಹಿಡಿಯಬೇಕು. ನಿನ್ನ ಕೈ ಇರಬೇಕು ಅದರಲ್ಲಿ."

ತನ್ನ ಉಪಚಾರದ ಮಾತನ್ನು ಆಕೆ ನಿಜವೆಂದೇ ನಂಬಿದ್ದಾಳೆಂದು ಪರಸುವಿಗೆ ಆಗ ಹೊಳೆಯಿತು. ಆದರೂ ಹಲ್ಲು ಬಿಟ್ಟು ತಲೆಯಾಡಿಸಿದ. ಯಾಕೆ ಎಂದು ಕೇಳಬೇಡಿ. ನಿಮಗೆ ಬರುವ ಸಿಟ್ಟೆಲ್ಲ ಅವನ ಮೇಲೇ ಹೋಗುತ್ತದೆ.

ಮನೆಗೆ ಬಂದು ರೋಜಿಗೆ ಹೇಳಿದ. ಅವಳು ಡ್ಯೂಟಿ ಮುಗಿಸಿ ಕಾಲು ಬಿಸಿನೀರಿನಲ್ಲಿ ಇಟ್ಟು ಕೂತಿದ್ದಳು.

"ನಂದು, ಕೊಡಿ ಅಂತ ಕೇಳು. ಮುಗೀತು."

"ಕೊಟ್ಟಾಗಿದೆ ಮಾರಾಯ್ತಿ. ಬಾಯಿಂದ ಬಂತಲ್ಲ."

"ಬಾಯಿಂದ ಬಂದದ್ದೆಲ್ಲ ಕೊಟ್ಟಂಗಾ? ಊರಲ್ಲಿ ಭಟ್ರ ಮನೆ ಅಮ್ಮ ಏನ್ ಹೇಳ್ತಿತ್ತು ನಿಂಗೆ? 'ಇದು ನಿಂದೇ ಮನೆ ತಿಳ್ಕ ಪರಸು' ಅಂತಿತ್ತೋ ಇಲ್ವೋ?"

"ಅಂತಿತ್ತು."

"ಮತ್ತೆ ಯಾವತ್ತಾದ್ರೂ ಒಳಗೆ ಹೋಗಿ ಉಯ್ಯಾಲೆ ಮೇಲೆ ಕೂತ್ಯಾ? ಅಂಗಳದಲ್ಲೇ ಎಲೆ ಹಾಕಿಸ್ಕಂಡು ಉಂಡು ಬಂದ್ಯಲ್ಲ. ಹೇಳೋರಿಗೂ ಗೊತ್ತು, ಕೇಳೋರಿಗೂ ಗೊತ್ತು."

"ಇವಳಿಗೆ ಗೊತ್ತಿಲ್ಲಲ್ಲ!" ಪರಸು ಕಿರುಚಿದ. "ಇವಳು ಹೇಳಿದ್ದನ್ನ ನಂಬ್ತಾಳೆ! ಭಟ್ರ ಮನೆಯವ್ರಂಗೆ ನಾನೂ ಆದೆ ಅಂತಾಗೂದಿಲ್ವಾ ಈಗ ವಾಪಸ್ ಕೇಳಿದ್ರೆ?"

ರೋಜಿ ನೀರಿನಿಂದ ಕಾಲು ತೆಗೆದಳು. ಅವನನ್ನು ಕೊರೆಯುತ್ತಿದ್ದದ್ದು ಅದೇ. ಜೀವಮಾನವಿಡೀ ಸುಳ್ಳು ಉಪಚಾರ ಉಂಡವನು, ತನ್ನನ್ನು ಒಳಗೆ ಕರೆದು ಕೂರಿಸಿದ ಒಬ್ಬಳಿಗೆ ಅದನ್ನೇ ಬಡಿಸಿಬಿಟ್ಟಿದ್ದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಅವ್ವ ಹೋಗುತ್ತಾಳೆ.

ಭಾನುವಾರ ಬೆಳಿಗ್ಗೆ ಇನ್ನೊಂದು ಕುಣಿಕೆ ಬಿತ್ತು. ಮಿಸ್ ಅರ್ನೆಸ್ಟೀನ್ ಒತ್ತಾಯಿಸಿ ಚರ್ಚಿಗೆ ಕರೆದಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಅವನಿಗೆ ಎದ್ದು ನಿಲ್ಲಲು ಹೇಳಿದರು. ನಾನೂರು ವರ್ಷದ ಹಿಂದೆ ಕಳೆದುಹೋದ ದಾಯಾದಿ, ತಾಯಿಯ ಕೈಯ ಕೌದಿಯನ್ನು ನಮಗೆ ಕೊಟ್ಟಿದ್ದಾನೆ, ಎಂದರು. ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹ್ಯಾಟು ಹಾಕಿದ ಮುದುಕಿಯರು ಸಾಲಾಗಿ ಬಂದು ಅವನ ಕೈ ಹಿಡಿದು, ಗಾಡ್ ಬ್ಲೆಸ್ ಯು ಬೇಬಿ, ಎಂದರು. ಊರಲ್ಲಿ ಯಾರೂ ಅವನಿಗಾಗಿ ಹೀಗೆ ಎದ್ದು ನಿಂತಿರಲಿಲ್ಲ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತು.

ಇಂಗ್ಲಿಷು ಬಲ್ಲವರು ಯಾರಾದರೂ ಆಕೆಗೆ ಫೋನಿನಲ್ಲಿ ನಯವಾಗಿ ತಿಳಿಸಿದರೆ ಸರಿಹೋದೀತು ಎಂದು ಮಧ್ಯಾಹ್ನ ಎರಡು ಬಸ್ ಬದಲಿಸಿ ಬ್ಯಾಲಂಟೈನ್‌ಗೆ ಹೋದ. ಸೂರ್ಯನಾರಾಯಣರ ಹೆಂಡತಿ ವೇದಾ ಬಾಗಿಲು ತೆರೆದರು. ಕಾಫಿ ಕೊಟ್ಟರು. ಪರಸು ಹಿಂದುಮುಂದಾಗಿ ಹೇಳುತ್ತಾ ಹೋದ. ಕೌದಿ, ಪ್ರದರ್ಶನ, ಚರ್ಚು ಅನ್ನುವಷ್ಟರಲ್ಲೇ ಸೂರ್ಯನಾರಾಯಣ ಸೋಫಾದಿಂದ ಎದ್ದುಬಿಟ್ಟರು.

"ಏನು, ನಮ್ಮ ಕೌದಿ ಬ್ಲ್ಯಾಕ್ ಹಿಸ್ಟರಿ ಎಕ್ಸಿಬಿಷನ್‌ನಲ್ಲಾ? ರೀ ಪರಶುರಾಮ್, ಇದು ಎಂಥ ದೊಡ್ಡ ವಿಷ್ಯ ಗೊತ್ತಾ? ಇಡೀ ಸಂಘನ ಕರ್ಕೊಂಡ್ ಬರ್ತೀನಿ. ಬ್ಯಾನರ್ ಮಾಡ್ಸೋಣ. ವೇದಾ, ಗ್ರೂಪಲ್ಲಿ ಹಾಕು ಈಗ್ಲೇ."

"ಅದಲ್ಲ ಸಾರ್. ಅದನ್ನ ಕತ್ತರಿಸ್ತಾರೆ ಅಂತ..."

"ಆರ್ಟ್ ಅಂದ್ಮೇಲೆ ಕಟ್ ಮಾಡ್ದೇ ಇರ್ತಾರಾ? ಕೊಲಾಜ್ ಕಣ್ರೀ ಅದು."

"ಸುಮ್ನಿರಿ ಒಂದ್ನಿಮಿಷ" ಎಂದರು ವೇದಾ. "ಪರಶುರಾಮ್, ನಿಮ್ಗೆ ಕೊಡೋಕೆ ಇಷ್ಟ ಇಲ್ವಾ?"

ಇಡೀ ವಾರದಲ್ಲಿ ನೇರವಾಗಿ ಕೇಳಿದವರು ಆಕೆ ಒಬ್ಬರೇ. ಪರಸು ಬಾಯಿ ತೆರೆದ. ಅಷ್ಟರಲ್ಲಿ ಸೂರ್ಯನಾರಾಯಣ ಅವನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟ ಇಲ್ದೆ ಏನೇ? ನನ್ನ ಸೂಟ್‌ಕೇಸಲ್ಲಿ ಬಂದಿದ್ದು ಅದು, ಹೆಮ್ಮೆ ಆಗ್ತಿದೆ ನಂಗೆ. ಹೌದೋ ಅಲ್ವೋ ಪರಶುರಾಮ್?"

"ಹೌದು ಸಾರ್" ಎಂದ ಪರಸು.

ಬಸ್ಸಿನಲ್ಲಿ ಫೋನು ನೋಡಿದರೆ ಸಂಘದ ಗುಂಪಿನಲ್ಲಿ ನಲವತ್ತು ಜನ ಕೈಮುಗಿದಿದ್ದರು. ಮುಂದಿನ ಸೀಟಿಗೆ ಒದ್ದ. ಬಸ್ ಓಡಿಸುತ್ತಿದ್ದವಳು ಕನ್ನಡಿಯಲ್ಲಿ ದುರುಗುಟ್ಟಿ ನೋಡಿದಳು. ಅವಳಿಗೂ ಸಾರಿ ಹೇಳಿದ.

ಸೋಮವಾರ. ಹೇಳಿಯೇ ಬಿಡಬೇಕೆಂದು ಎಂಟು ಗಂಟೆಗೇ ಹೋದ. ಕೋಣೆಯ ಬಾಗಿಲು ತೆರೆದೇ ಇತ್ತು. ಮಿಸ್ ಅರ್ನೆಸ್ಟೀನ್ ಅವನಿಗಿಂತ ಮೊದಲೇ ಬಂದು, ಅಂಟು ಹಿಡಿಯುತ್ತದೋ ನೋಡಲೆಂದು ಅಂಚಿನ ಒಂದು ಗೇಣು ಪಟ್ಟಿಯನ್ನು ಕತ್ತರಿಸಿ ಹಲಗೆಯ ಮೂಲೆಗೆ ಒತ್ತಿದ್ದಳು. ಹಸಿರು ಸೀರೆ. ಅಂಟು ಆಗಲೇ ಒಣಗಿತ್ತು.

"ಎಷ್ಟು ಗಟ್ಟಿ ಕೂತಿದೆ ನೋಡು. ನಾವಿಬ್ಬರೂ ಹೋದ ಮೇಲೂ ಇರುತ್ತದೆ" ಎಂದಳು ಸಂತೋಷದಿಂದ.

ಪರಸು ಒಣಗಿದ ಹಸಿರನ್ನು ಮುಟ್ಟಿ ನೋಡಿದ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷೆಲ್ಲ ಚೆಲ್ಲಿಹೋಯಿತು. ಆಕೆ ತುದಿ ಕೊಟ್ಟಳು, ಅವನು ಹಿಡಿದ. ಬಿಗಿಯಾಗಿ ಎಳೆದು ಹಿಡಿದ. ಕತ್ತರಿ ಬಾಯಿ ತೆರೆಯಿತು. ಬಣ್ಣ ಹೋದ ಸೀರೆ ಕರ್ ಎಂದಿತು. ಖಾಕಿ ಅಂಗಿಗೆ ಬಂದಾಗ ಪದರ ದಪ್ಪವಾಗಿ ಕತ್ತರಿ ನಿಧಾನವಾಯಿತು. ಆಕೆ ಮೆಲ್ಲಗೆ ಯಾವುದೋ ಪ್ರಾರ್ಥನೆ ಗುನುಗುತ್ತಿದ್ದಳು. ಇವನು ಹಿಡಿದೇ ಇದ್ದ, ಒಳ್ಳೆಯ ಕೆಲಸಗಾರ, ಎಳೆ ಸಡಿಲವಾಗಲು ಬಿಡುವವನಲ್ಲ. ಹಳದಿ ಫ್ರಾಕಿನ ಅಂಚಿಗೆ ಕಬ್ಬಿಣ ತಾಗಿದ್ದೇ ತಡ, ತುದಿ ಬಿಟ್ಟು ತನ್ನ ಅಂಗೈಯನ್ನು ಕತ್ತರಿಯ ಬಾಯಿಯ ಮುಂದೆ ಇಟ್ಟ.

"ಸಾಕು!"

ಕನ್ನಡದಲ್ಲೇ ಬಂತು. ಅದರ ಹಿಂದೆಯೇ ಉಳಿದದ್ದೆಲ್ಲ ಕಟ್ಟೆ ಒಡೆದಂತೆ ಬಂತು. "ಇದು ನನ್ನ ತಂಗಿದು! ಆರು ವರ್ಷ ಅದಕ್ಕೆ, ಜ್ವರ ಬಂದು ಹೋಯ್ತು, ಅವ್ವ ಈ ಅಂಗಿ ಹಿಡ್ಕಂಡು ಹನ್ನೆರಡು ದಿನ ಉಣ್ಲಿಲ್ಲ! ಇದು ಅಪ್ಪಂದು! ನಾನು ಅವ್ವನ ಮುಖ ನೋಡ್ಲಿಲ್ಲ, ಗೊತ್ತಾ ನಿಮ್ಗೆ? ಕಸ ಕಟ್ಟಿದಂಗೆ ಕಟ್ಟಿದ್ರು! ಕಡಲಂತೆ, ಹಡಗಂತೆ! ಅವ್ವ ಕಡಲನ್ನೇ ನೋಡ್ಲಿಲ್ಲ ಜನ್ಮದಲ್ಲಿ!" ಕೆಟ್ಟ ಬೈಗುಳವೂ ಎರಡು ಬಂದವು. ಯಾರಿಗೆ ಎಂದು ಅವನಿಗೂ ಗೊತ್ತಿಲ್ಲ. ಮೂಗು ಸೋರುತ್ತಿತ್ತು.

ಮಿಸ್ ಅರ್ನೆಸ್ಟೀನ್ ಕತ್ತರಿ ಕೆಳಗಿಟ್ಟಳು. ಒಂದು ಶಬ್ದವೂ ತಿಳಿದಿರಲಿಲ್ಲ, ವಿಷಯ ತಿಳಿದಿತ್ತು.

"ಕೊಡುವ ಮನಸ್ಸಿರಲಿಲ್ಲ ನಿನಗೆ."

"ನೋ."

"ಮತ್ತೆ ನನ್ನದು ಎಂದೆಯಲ್ಲ?"

"ವಿ ಸೇ ಲೈಕ್ ದಟ್."

"ಹೇಳುತ್ತೀರಿ, ಆದರೆ ಕೊಡುವುದಿಲ್ಲ?"

ಪರಸು ಕೈ ಆಡಿಸಿ, ಹುಡುಕಿ ಹುಡುಕಿ, ವಿವರಿಸಿದ. ಒಬ್ಬರು ನಿಮ್ಮದೇ ಅನ್ನಬೇಕು. ಇನ್ನೊಬ್ಬರು ಬೇಡ ಬೇಡ, ನಿಮ್ಮದೇ ಇರಲಿ, ಅನ್ನಬೇಕು. ಅದು ನೀವು ಹೇಳಬೇಕಾದ ಮಾತಾಗಿತ್ತು.

ಆಕೆ ಸ್ಟೂಲಿನ ಮೇಲೆ ಕುಸಿದು ಕೂತಳು. ನಕ್ಕಳೋ ಅತ್ತಳೋ, ಭುಜ ಕುಲುಕುತ್ತಿತ್ತು. "ನನ್ನ ಮಾತು ಯಾವುದು ಅಂತ ನನಗೆ ಯಾರೂ ಹೇಳಲಿಲ್ಲವಲ್ಲ ಬೇಬಿ! ಮುನ್ನೂರು ಜನರ ಎದುರಿಗೆ ನಿನ್ನನ್ನು ನಿಲ್ಲಿಸಿಬಿಟ್ಟೆನಲ್ಲ!" ಆಮೇಲೆ ಹಲಗೆಯ ಕಡೆ ನೋಡಿದಳು. ಪ್ರದರ್ಶನಕ್ಕೆ ಹದಿನೆಂಟು ದಿನ. ಎಂಟು ಅಡಿ ಕಡಲು, ಮೂಲೆಯಲ್ಲಿ ಒಂದು ಗೇಣು ಹಸಿರು ಬಿಟ್ಟರೆ ಎಲ್ಲ ಬೋಳು. ಮುಖ ಒಂದು ಕ್ಷಣ ಬಿಗಿಯಿತು, ಅದನ್ನು ಪರಸು ನೋಡಿದ. ಆ ಹಸಿರನ್ನು ಉಗುರಿನಿಂದ ಕೆರೆದು ನೋಡಿದಳು. ಏಳಲಿಲ್ಲ.

"ಇದು ಬರುವುದಿಲ್ಲ. ಇದಕ್ಕೆ ನಾನು ಏನು ಮಾಡಲಿ, ಗೊತ್ತಾಗುತ್ತಿಲ್ಲ" ಎಂದಳು. ಕತ್ತರಿಸಿದ್ದ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಕೂಡಿಸಿ ಕೌದಿಯೊಳಗಿಟ್ಟು, ಮಡಿಸಿ, ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು. ಪಾಠ ಒಪ್ಪಿಸುವ ಮಗುವಿನಂತೆ ಹೇಳಿದಳು: "ಬೇಡ, ಬೇಡ. ನಿನ್ನದೇ ಇರಲಿ."

ಈಗ ನೋಡಿ, ಈ ಉಪಚಾರಕ್ಕೆ ಬೆಂಕಿ ಬೀಳಲಿ, ಅದು ಅಲ್ಲಿಗೇ ನಿಲ್ಲುವ ಪ್ರಾಣಿಯಲ್ಲ. ಎದುರಿನವರು ಬೇಡ ಎಂದರೆ ಕೊಡುವವನು ಇನ್ನೊಮ್ಮೆ ಒತ್ತಾಯ ಮಾಡಲೇಬೇಕು. ಛೇ, ಹಾಗಂದರೆ ಹೇಗೆ, ಇಟ್ಟುಕೊಳ್ಳಿ. ಐವತ್ತು ವರ್ಷದಿಂದ ಪಳಗಿದ ನಾಲಿಗೆ. ಅದು ಪರಸುವಿನ ಬಾಯಿಯೊಳಗೆ ತಾನಾಗಿಯೇ ಮೇಲಕ್ಕೆದ್ದಿತು. ನೋ ನೋ ಮೇಡಂ, ಎಂಬುದು ಹಲ್ಲಿನ ಹಿಂದಕ್ಕೆ ಬಂದು ನಿಂತಿತು. ಎದುರಿಗೆ ಬೋಳು ಹಲಗೆ, ಆಕೆಯ ಚಾಚಿದ ಕೈ, ಮುನ್ನೂರು ಜನರ ಚಪ್ಪಾಳೆ, ಸೂರ್ಯನಾರಾಯಣರ ಬ್ಯಾನರು. ಬಾಯಿ ಒಂದು ಎಳೆ ತೆರೆದರೂ ಹೋಯಿತು. ಪರಸು ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ರಕ್ತದ ರುಚಿ ಬಂತು.

ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಕೌದಿಯನ್ನು ಕಿತ್ತುಕೊಂಡವನಂತೆ ಎದೆಗೆ ಅವುಚಿಕೊಂಡ. ತಿರುಗಿ, ಅಂಗಡಿ ದಾಟಿ, ಗಂಟೆ ಕಟ್ಟಿದ ಬಾಗಿಲನ್ನು ಭುಜದಿಂದ ನೂಕಿ, ಬೀದಿಗೆ ಬಂದುಬಿಟ್ಟ. ಹಿಂದಿನಿಂದ ಮಿಸ್ ಅರ್ನೆಸ್ಟೀನ್ ಏನೋ ಕೂಗಿ ಹೇಳಿದಳು. ತಿರುಗಲಿಲ್ಲ. ಹಿರಿಯ ಹೆಂಗಸಿಗೆ ಇಷ್ಟು ಅಮರ್ಯಾದೆ ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಹೊರಗೆ ಕೊರೆಯುವ ಚಳಿ. ಜಾಕೆಟ್ಟು ಒಳಗೇ ಗೂಟದಲ್ಲಿ ನೇತಾಡುತ್ತಿತ್ತು, ಅದರ ಜೇಬಿನಲ್ಲಿ ಬಸ್ ಪಾಸು. ಬಾಗಿಲು ಹತ್ತೇ ಹೆಜ್ಜೆ. ಗಾಜಿನಾಚೆ ಆಕೆ ಜಾಕೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಹೋದರೆ ಏನಾದರೂ ಒಳ್ಳೆಯ ಮಾತು ಆಡಬೇಕಾಗುತ್ತದೆ. ಪರಸು ತಲೆ ತಗ್ಗಿಸಿ ರೋಜಿಯ ಆಸ್ಪತ್ರೆಯ ದಿಕ್ಕಿಗೆ ನಡೆಯತೊಡಗಿದ. ನಾಲ್ಕು ಮೈಲಿ ದೂರ. ಅರ್ಧ ದಾರಿ ಕಳೆದ ಮೇಲೆಯೇ ಅವನು ನಾಲಿಗೆ ಕಚ್ಚಿದ್ದ ಹಲ್ಲು ಸಡಿಲಿಸಿದ್ದು.